ನಿಹಾತನ ತಾಯಿಯ ಕಲ್ಲಿದ್ದಲ ಒಲೆ

೨ ಮಾರ್ಚ್ ೨೦೦೩, ಭಾನುವಾರ, ಅಬುಧಾಬಿ

ತುರ್ಕಿಗೆ ಹೋಗುತ್ತೇನೋ ಇಲ್ಲವೋ, ನಾಳೆ ಬೆಳಿಗ್ಗೆ ಕಂಪನಿಗೆ ಹೇಳಬೇಕು. ಅಲ್ಲಿ ಜೈಹಾನ್ ಬಂದರಿಗೆ ಹೊಸ ಎಣ್ಣೆ ಪೈಪು ಹಾಕುತ್ತಾರಂತೆ, ನನ್ನಂಥ ವೆಲ್ಡರುಗಳು ಬೇಕಂತೆ. ಶಾಲೆ ಅರ್ಧಕ್ಕೆ ಬಿಟ್ಟವನು ನಾನು, ದೇಶಗಳ ವಿಷಯ ಅಷ್ಟು ತಿಳಿಯದು. ಆದರೂ ನಕಾಶೆ ನೋಡಿದರೆ ತುರ್ಕಿಗೆ ಇರಾಕ್ ಅಂಟಿಕೊಂಡೇ ಇದೆ. ಇರಾಕಿನ ಮೇಲೆ ಅಮೆರಿಕದ ಯುದ್ಧ ಇಂದೋ ನಾಳೆಯೋ ಅನ್ನುವ ಹಾಗಿದೆ.

ನಮ್ಮ ಸೂಪರ್‌ವೈಸರ್ ನಿಹಾತ್ ತುರ್ಕಿಯವನೇ. ಅಮೆರಿಕದ ಸೈನ್ಯ ತಮ್ಮ ನೆಲದಿಂದ ಇರಾಕಿಗೆ ನುಗ್ಗುವುದು ಬೇಡ ಎಂದು ನಿನ್ನೆ ಅವರ ಪಾರ್ಲಿಮೆಂಟು ಹೇಳಿತಂತೆ. ಅವನ ಖುಷಿ ನೋಡಬೇಕಿತ್ತು.

"ಸಿದ್ದಪ್ಪ ಭಾಯ್, ಮಾಫಿ ಮುಷ್ಕಿಲ್, ಏನೂ ತೊಂದರೆಯಿಲ್ಲ! ನಮಗೆ ಎಣ್ಣೆ ಇರಾಕಿಂದು, ಗ್ಯಾಸು ಇರಾನ್, ರಷ್ಯಾದ್ದು. ನಾವು ಯಾರ ಜೊತೆ ಜಗಳ ಆಡೋದು? ಬಾ, ಹೆದರಬೇಡ."

ರೂಮಿನಲ್ಲಿ ನನ್ನ ಜೊತೆಗಿರುವ ಬಾಳಪ್ಪನೂ ನಕ್ಕ. "ಏ ಅಣ್ಣಾ, ಬಾಂಬಿನ ಮ್ಯಾಗ ನಿನ್ನ ಹೆಸರ ಬರದಾರೇನ? ಹಿಂಗ ಅಂಜಿದ್ರ ಹೆಂಗ?"

ಹೋಗಿಬಿಡೋಣ ಅಂತಲೇ ಇದ್ದೆ. ಸಂಜೆ ನಿಹಾತ್ ಅಂಕಾರಾದ ತಾಯಿಗೆ ಫೋನ್ ಮಾಡಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ. ಏನೆಂದು ಕೇಳಿದೆ.

"ಮನೆಗೆ ಗ್ಯಾಸು ಬಂತಲ್ಲ, ಹಳೇ ಕಲ್ಲಿದ್ದಲ ಒಲೆ ಮಾರ್ತಾಳಂತೆ. ಮಾರಬೇಡ ಅಂದೆ. ಯಾವಾಗ ಯಾರು ಮುನಿಸಿಕೊಂಡು ಗ್ಯಾಸು ನಿಲ್ಲಿಸ್ತಾರೋ, ಯಾರಿಗೆ ಗೊತ್ತು?"

ತಾಯಿಗೆ ಒಲೆ ಇಟ್ಟುಕೋ ಎನ್ನುವವನು ನನಗೆ ಹೆದರಬೇಡ ಎನ್ನುತ್ತಾನೆ. ಇಲ್ಲ ಅಂದುಬಿಡುತ್ತೇನೆ. ಹಾಗಂದರೆ ಇಲ್ಲಿಯ ಕೆಲಸ ಉಳಿಸುತ್ತಾರೋ, ಊರಿಗೆ ಕಳಿಸುತ್ತಾರೋ? ನನ್ನ ಹತ್ತಿರ ಬೇರೆ ಒಲೆ ಯಾವುದಿದೆ? ಊರಲ್ಲಿರುವ ಹೆಂಡತಿ ಬಸವ್ವನಿಗೆ ಫೋನ್ ಮಾಡಿ ಕೇಳೋಣವೆಂದರೆ, ಅವಳು ಯುದ್ಧ ಎಂದರೇ ಹೆದರುತ್ತಾಳೆ; ಅವಳಿಗೆ ಹೇಳದೆಯೇ ನಾಳೆ ಇಲ್ಲ ಅನ್ನುತ್ತೇನೆ.