ಷಟ್ಪದಿಯಲ್ಲಿ ಕವಾಯತು

ಅಕ್ಕಾ,

ಗಂಭೀರ ತಪ್ಪೊಪ್ಪಿಗೆ: ನಿನ್ನೆ ಕವಾಯತಿನಲ್ಲಿ ಇಡೀ ತುಕಡಿಯ ಹೆಜ್ಜೆ ಕೆಡಿಸಿದ ಅಪರಾಧಿ ನಾನೇ. ಓದುತ್ತಿರುವ ಕಾವ್ಯದ ಭಾಮಿನಿ ಷಟ್ಪದಿಯನ್ನು ಗುನುಗುತ್ತಾ ತುಕಡಿಯ ಮುಂದಿನ ಸಾಲಿನಲ್ಲಿ ನಡೆದೆ. ಮೂರು-ನಾಲ್ಕರ ಆ ಲಯಕ್ಕೆ ಹಿಂದಿದ್ದವರಿಗೆ ಎಡ ಯಾವುದು, ಬಲ ಯಾವುದು ತಿಳಿಯದಾಯಿತು.

"ಏನಯ್ಯಾ ಪಂಡಿತ, ಬಂದಿರೋದು ಯುದ್ಧಕ್ಕೋ ನಾಟಕಕ್ಕೋ?" ಎಂದರು ಡ್ರಿಲ್ ಮಾಸ್ತರು. ಕಿಸೆಯಲ್ಲಿ ನಾಟಕದ ಪುಸ್ತಕವೂ ಇದ್ದುದರಿಂದ ನನಗೂ ಗೊಂದಲ. "ಪದ್ಯ ಬಾಯಲ್ಲಿದ್ರೆ ಭಯ ಹತ್ರ ಸುಳಿಯಲ್ಲ, ಸಾರ್" ಎಂದು ಕೊಚ್ಚಿಕೊಂಡೆ. ನಮ್ಮ ಲಾರಿ ಚಾಲಕ, ಪಾಪ, ನಂಬಿದ.

ಹಿಂದಿನ ಪತ್ರದಲ್ಲಿ ಬರೆದಿದ್ದ ಜ್ವರ ಇಳಿದಿದೆ, ಡಾಕ್ಟರರ ಮಾತ್ರೆಗಳು ಷಟ್ಪದಿಯ ಮಾತ್ರೆಗಳಿಗಿಂತ ಬೇಗ ಜೀರ್ಣವಾದವು.

ಬೆಳಿಗ್ಗೆ ಪಕ್ಕದಲ್ಲೇ ಶೆಲ್ ಬಿತ್ತು. ಗಾಬರಿಯಾಗಬೇಡ, ಯಾರಿಗೂ ಏನೂ ಆಗಲಿಲ್ಲ. ಅಡಗಿ ಕೂತ ಹೊಂಡದಲ್ಲಿ ಚಾಲಕ ನನ್ನ ಕೈ ಹಿಡಿದು, "ಬೇಗ ಆ ಪದ್ಯ ಹೇಳಣ್ಣಾ" ಎಂದ. ನಾನು ಕಣ್ಣು ಮುಚ್ಚಿ ಹೇಳಿದ್ದು ಎರಡರ ಮಗ್ಗಿ. ಅದರಲ್ಲೂ ಎರಡು ಮೂರ್ಲಿ ಎಂಟು ಎಂದೆನಂತೆ.

ನಿನ್ನ ತಮ್ಮ