ಮೋಟಾರಿಲ್ಲದೆ ತುಂಬಿದ ಟ್ಯಾಂಕಿ

ಕೆಮ್ಮಣ್ಣು
ಭಾನುವಾರ, 5 ಮೇ 2024

ಪ್ರೀತಿಯ ಡೆನಿಸ್,

ಹೇಗಿದ್ದೀರಿ? ಮಸ್ಕತ್‌ನ ಸೆಕೆಗೆ ಎದ್ದಿದ್ದ ಬೆನ್ನಿನ ಬೆವರುಸಾಲೆ ಕಡಿಮೆಯಾಯಿತಾ? ಬಿ.ಪಿ. ಮಾತ್ರೆ ತಪ್ಪಿಸಬೇಡಿ. ನಾನೂ ಮಗಳು ಶರೋನಳೂ ಚೆನ್ನಾಗಿದ್ದೇವೆ. ದಿನಾ ಫೋನ್ ಇರುವಾಗ ಕಾಗದ ಎಂತಕ್ಕೆ ಅಂತ ಕೇಳಬೇಡಿ. ಫೋನಿನಲ್ಲಿ ಒಂದು ಹೆಸರು ಎತ್ತಿದ ಕೂಡಲೇ ನೀವು ಇಟ್ಟುಬಿಡುತ್ತೀರಿ. ನನ್ನ ತಮ್ಮ ಟ್ರೆವರ್ ನಾಳೆ ಅಲ್ಲಿಗೆ ಹೊರಡುತ್ತಾನೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ನಮ್ಮ ಬಾವಿಯ ಮೋಟಾರು ಕೆಟ್ಟಿತು. ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತದೆ, ನೀರು ಎತ್ತುವುದಿಲ್ಲ. ಉಡುಪಿಯ ಅಂಗಡಿಯವನು ನೋಡದೆಯೇ ವೈಂಡಿಂಗ್ ಸುಟ್ಟಿದೆ ಅಂದ. ಮಣಿಪಾಲದಿಂದ ಬಂದವನು ಕೆಪಾಸಿಟರ್ ಹೋಗಿದೆ ಅಂದ, ಬದಲಾಯಿಸಿದ, ಮತ್ತೆ ಅದೇ ಗುಂಯ್. ಕಾರ್ಕಳದ ಒಬ್ಬ ಬಾವಿಗೆ ಇಣುಕಿ, ಇದಕ್ಕೆ ಇನ್ನು ಹಣ ಹಾಕಬೇಡಿ, ಬೋರು ಕೊರೆಸಿ ಅಂತ ಹೇಳಿ ಚಾ ಕುಡಿದು ಹೋದ. ಯಾರನ್ನು ನಂಬುವುದು ಮಾರಾಯ್ರೆ? ನನ್ನ ತಲೆ ಕೆಟ್ಟು ಮೊಸರಾಯಿತು. ಕಡೆಗೆ ಉದ್ಯಾವರದ ವಿಕಾಸ್ ಬಂದು ಮೋಟಾರನ್ನೇ ಬಿಚ್ಚಿ ತನ್ನ ಅಂಗಡಿಗೆ ಕೊಂಡುಹೋದ.

ಈಗ ಕೇಳಿ. ಮೋಟಾರು ಉದ್ಯಾವರದಲ್ಲಿ, ಇಲ್ಲಿ ಟ್ಯಾಂಕಿಯ ನೀರು ಮುಗಿಯುವುದೇ ಇಲ್ಲ! ಬಟ್ಟೆ ಒಗೆದೆವು, ಶರೋನ್ ಗಂಟೆಗಟ್ಟಲೆ ಸ್ನಾನ ಮಾಡಿದಳು, ಆದರೂ ನಲ್ಲಿ ತಿರುಗಿಸಿದರೆ ನೀರು. ನನಗೇ ಭ್ರಮೆಯಾ ಎಂದು ಟೆರೇಸ್ ಹತ್ತಿ ಮುಚ್ಚಳ ತೆಗೆದೆ. ತುಂಬಿ ತುಳುಕುತ್ತಿತ್ತು. ದೇವರೇ, ಇದೆಂತ ಪವಾಡ ಅಂತ ಅಲ್ಲೇ ಶಿಲುಬೆಯ ಗುರುತು ಹಾಕಿದೆ.

ಇವತ್ತು ಇಗರ್ಜಿಯಿಂದ ಸ್ವಲ್ಪ ಬೇಗ ಬಂದೆ. ನೋಡಿದರೆ, ನಿಮ್ಮ ಅಣ್ಣನ ಅಂಗಳದಿಂದ ಕಪ್ಪು ಪೈಪು ಗೋಡೆ ದಾಟಿ, ಮಾವಿನ ಕೊಂಬೆಯ ಮೇಲಿಂದ ನಮ್ಮ ಟೆರೇಸಿಗೆ! ರೊಸಾರಿಯೊ ಭಾವ ನಮ್ಮ ಬದಿಯಲ್ಲೇ ನಿಂತು ಅದನ್ನು ಸುತ್ತುತ್ತಿದ್ದರು. ನನ್ನನ್ನು ಕಂಡದ್ದೇ ತಡ, ಆ ಮಂಡಿನೋವಿನಲ್ಲೂ ಗೋಡೆ ಹತ್ತಿ ಆಚೆ ಇಳಿದುಬಿಟ್ಟರು. ಒಂದು ಚಪ್ಪಲಿ ಇಲ್ಲೇ ಉಳಿಯಿತು. ನಗುವುದಾ ಅಳುವುದಾ ಗೊತ್ತಾಗಲಿಲ್ಲ, ಎರಡೂ ಬಂತು.

ಆಸ್ತಿ ಪಾಲಾದಾಗ ಬಾವಿಯ ನಡುವಿಗೇ ಗೋಡೆ ಎಬ್ಬಿಸಿದವರು ನೀವಿಬ್ಬರು. ಆಚೆ ಬದಿಗೆ ಅವರ ಮೋಟಾರು, ಈಚೆ ಬದಿಗೆ ನಮ್ಮದು. ಅಂದಿನಿಂದ ಮಾತಿಲ್ಲ. "ಅವನ ಒಂದು ತೊಟ್ಟು ನೀರೂ ನಮಗೆ ಬೇಡ" ಅಂದಿದ್ದಿರಿ. ಈಗ ನೀವೇ ಹೇಳಿ, ಅದೇ ಬಾವಿಯಿಂದ ಅವರ ಮೋಟಾರು ಎತ್ತಿದರೆ ಅದು ಅವರ ನೀರಾ, ನಮ್ಮದಾ? ಥ್ಯಾಂಕ್ಸ್ ಹೇಳಬೇಕಾ, ಕಾಣದ ಹಾಗೆ ಇರಬೇಕಾ? ಹೇಳಿದರೆ ನೀವು ಸಿಟ್ಟಾಗುತ್ತೀರಿ, ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಚಪ್ಪಲಿ ತೊಳೆದು ಗೋಡೆಯ ಮೇಲಿಟ್ಟಿದ್ದೇನೆ. ಇನ್ನೂ ಯಾರೂ ತೆಗೆದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮರಿಯಮ್ಮ ನಿಮ್ಮನ್ನು ತನ್ನ ಸೆರಗಿನೊಳಗೆ ಇಟ್ಟುಕೊಳ್ಳಲಿ. ಶರೋನಳ ಮುತ್ತು.

ನಿಮ್ಮವಳೇ,
ಗ್ಲ್ಯಾಡಿಸ್

ತಾ.ಕ.: ಕಾಗದ ಕೊಂಡುಹೋಗಲು ಬಂದ ಟ್ರೆವರ್ ಗೇಟಿನಲ್ಲಿ ಹಾರ್ನ್ ಹಾಕುತ್ತಿದ್ದಾನೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಮೋಟಾರು ಸರಿಯಾಗಿದೆ. ಮಧ್ಯಾಹ್ನ ವಿಕಾಸ್ ಫೋನ್ ಮಾಡಿ, ನಾಳೆ ಬಂದು ಕೂರಿಸುತ್ತೇನೆ ಅಂದ. ಬೇಡ, ಅಲ್ಲೇ ಇರಲಿ ಅಂದೆ. ಅವನಿಗೆ ತಲೆಬುಡ ಅರ್ಥವಾಗಲಿಲ್ಲ. ಅದು ಬಂದು ಕೂತರೆ ಆ ಪೈಪು ಇನ್ನು ಈಚೆಗೆ ಬರುವುದಿಲ್ಲ ಡೆನಿಸ್. ನೀವು ಅಣ್ಣನಿಗೆ ಫೋನ್ ಮಾಡಿದ ದಿನ ಮೋಟಾರು ತರಿಸುತ್ತೇನೆ. ಅಲ್ಲಿಯವರೆಗೆ ನಾವು ಅವರ ನೀರೇ ಕುಡಿಯುತ್ತೇವೆ.