ಎರಡನೇ ಸಲ ಕೇಳಲಿಲ್ಲ

ಬುಮ್ತಾಂಗ್, ನವೆಂಬರ್ 9

ಹಾಳಾದ ಈ ಕೈ.

ಬೆಳಿಗ್ಗೆ ಕಾರಿನಲ್ಲಿ ಪ್ರವಾಸಿ ದಂಪತಿಗೆ ಅವರ ಗೈಡ್ ಆದ ನಾನೇ ಹೇಳಿಕೊಟ್ಟಿದ್ದೆ: ನಮ್ಮ ಭೂತಾನದಲ್ಲಿ ಯಾರಾದರೂ ಬಡಿಸಲು ಬಂದರೆ ಮೊದಲು ಬಾಯಿಗೆ ಕೈ ಅಡ್ಡ ಹಿಡಿದು ಬೇಡವೆನ್ನಬೇಕು. ಅವರು ಒತ್ತಾಯ ಮಾಡುತ್ತಾರೆ, ಆಗ ತೆಗೆದುಕೊಳ್ಳಬೇಕು. ಮನೆಯವರ ನಡುವೆ ಮಾತ್ರ ಈ ನಾಟಕವಿಲ್ಲ. ಅಲ್ಲಿ ಬೇಡ ಎಂದರೆ ಬೇಡ.

ಈ ಸಲ ಹಳ್ಳಿಮನೆಯ ಊಟಕ್ಕೆ ಅವರನ್ನು ಕರೆದೊಯ್ದದ್ದು ನನ್ನ ತಂಗಿ ಲ್ಹಾದೋನಳ ಮನೆಗೆ. ಅಮ್ಮ ಹೋದ ಮೇಲೆ ನಾನು ಅತ್ತ ತಲೆ ಹಾಕಿರಲಿಲ್ಲ. ಅವಳು ಬೆಣ್ಣೆ ಚಹಾದ ಕೆಟಲ್ ಹಿಡಿದು ಬಂದಳು. ವರ್ಷವಿಡೀ ಕಂಡವರ ಮನೆಯಲ್ಲಿ ಉಂಡವನ ಕೈ ತಾನಾಗಿಯೇ ಬಾಯಿಗೆ ಅಡ್ಡ ಹೋಯಿತು.

"ಬೇಡ್ವಾ? ಸರಿ ಬಿಡು," ಎಂದು ಅತಿಥಿಗಳ ಕಡೆ ತಿರುಗಿದಳು. ಅವರೂ ಬಾಯಿಗೆ ಕೈ ಅಡ್ಡ ಹಿಡಿದರು. "ಅಯ್ಯೋ, ಕುಡೀರಿ, ಕುಡೀರಿ! ಇವನ್ ಮಾತು ಕೇಳಿ ಕೇಳಿ ಸುಸ್ತಾಗಿರ್ತೀರ," ಎಂದು ನಗುತ್ತಾ ಬಗ್ಗಿಸಿದಳು. ನನ್ನ ಬಟ್ಟಲು ಖಾಲಿಯೇ ಉಳಿಯಿತು.

ಹೊರಡುವಾಗ ಮೆಲ್ಲಗೆ ಅಂದಳು: "ಇವ್ರನ್ನ ಹೋಟ್ಲಿಗೆ ಬಿಟ್ಟು ರಾತ್ರಿ ಇಲ್ಲಿಗೇ ಬಂದ್ಬಿಡಣ್ಣ. ಅಮ್ಮನ ಕಂಬಳಿ ಹಾಗೇ ಇಟ್ಟಿದೀನಿ."

ಮತ್ತೆ ಅದೇ ಕೈ. "ಬೇಡಮ್ಮ, ನಿಂಗ್ಯಾಕೆ ತೊಂದ್ರೆ."

"ಹಂಗಾದ್ರೆ ಹುಷಾರಾಗಿ ಹೋಗು."

ಬೇರೆ ಯಾರೇ ಆಗಿದ್ದರೂ ಮತ್ತೊಮ್ಮೆ ಕರೆಯುತ್ತಿದ್ದರು. ತಂಗಿಯಾದ್ದರಿಂದ ನನ್ನ ಮಾತನ್ನು ನಂಬಿಬಿಟ್ಟಳು.

ಈ ಹೋಟೆಲಿನ ಕಂಬಳಿಗೆ ಬರೀ ಸೋಪಿನ ವಾಸನೆ. ಕಣ್ಣು ಎಳೆಯುತ್ತಿದೆ, ನಿದ್ದೆ ಮಾತ್ರ ಬರುತ್ತಿಲ್ಲ. ಅವಳ ಹೊಸ್ತಿಲಲ್ಲಿ ಬೂಟಿನ ಲೇಸು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟುತ್ತಾ ಎಷ್ಟು ಹೊತ್ತು ಕೂತಿದ್ದೆ, ಇನ್ನೊಂದು ಸಲ ಕೇಳಿಯಾಳೆಂದು...